ಯಕೃತ್ತಿನಲ್ಲಿ ಹೆರಿಗೆ

ಅಟ್ಟೂರಿನ ಶೇಖರಪ್ಪನವರನ್ನು ಆಸ್ಪತ್ರೆಯವರು ಕರೆದು ಕೂರಿಸಿದ್ದು ಅವರಿಗೆ ಏನೂ ಗೊತ್ತಿಲ್ಲ ಎಂಬ ಕಾರಣಕ್ಕೆ. ಹಾಗೆಂದರೆ ಅವರಿಗೆ ಈಗಲೂ ಸಿಟ್ಟು ಬರುತ್ತದೆ. ಆದರೆ ನಡೆದದ್ದು ಅದೇ.

ಯಲಹಂಕದಿಂದ ಒಳಗೆ ಹೋಗುವ ರಸ್ತೆಯಲ್ಲಿ ಅವರ ತಂದೆಯ ಕಾಲದ ದ್ರಾಕ್ಷಿ ತೋಟವಿತ್ತು. ತೋಟ ಸೈಟಾಯಿತು, ಸೈಟಿನ ಮೇಲೆ ಗಾಜು ಹೊದ್ದ ಆಸ್ಪತ್ರೆ ಎದ್ದಿತು, ನೆಲ ಮಾತ್ರ ಶೇಖರಪ್ಪನವರ ಹೆಸರಿನಲ್ಲೇ ಉಳಿಯಿತು. ಹಾಗಾಗಿ ಬಿಪಿ ತೋರಿಸಲು ಅವರು ಅಲ್ಲಿಗೆ ಹೋದರೆ ಟೋಕನ್ನು, ಸರದಿ ಯಾವುದೂ ಇರುತ್ತಿರಲಿಲ್ಲ. ಸೆಕ್ಯೂರಿಟಿಯವನೇ ಓಡಿಬಂದು ಲಿಫ್ಟಿನ ಗುಂಡಿ ಒತ್ತುತ್ತಿದ್ದ. ಹೀಗೆ ಒಮ್ಮೆ ಹೋದಾಗ ಡಾಕ್ಟರ್ ಶಾಂತಲಾ ಅವರನ್ನು ತಮ್ಮ ಕೋಣೆಗೆ ಕರೆದು, ಕಾಫಿ ತರಿಸಿ, ಮೆಲ್ಲಗೆ ವಿಷಯ ಎತ್ತಿದರು.

"ಸರ್, ನಮ್ಮಲ್ಲಿ ಹೊಸ ಔಷಧಗಳ ಪ್ರಯೋಗ ಶುರು ಮಾಡ್ತಾ ಇದೀವಿ. ಪ್ರಯೋಗಕ್ಕೆ ಬರೋ ಪೇಷೆಂಟ್‌ಗಳಿಗೆ ಅನ್ಯಾಯ ಆಗ್ಬಾರ್ದು ಅಂತ ನೋಡ್ಕೊಳ್ಳೋಕೆ ಒಂದು ಎಥಿಕ್ಸ್ ಕಮಿಟಿ ಇರ್ಬೇಕು. ಡಾಕ್ಟ್ರು, ಲಾಯರ್ರು ಎಲ್ಲ ಸಿಕ್ಕಿದಾರೆ. ಒಬ್ರು ಲೇ ಪರ್ಸನ್ ಬೇಕು. ನೀವೇ ಆಗ್ಬೇಕು."

ಶೇಖರಪ್ಪನವರ ಮುಖ ಗಂಟಾಯಿತು. ಊರಲ್ಲಿ ಅವರನ್ನು 'ಲೇ' ಎಂದು ಕರೆಯುವ ಧೈರ್ಯ ಇದ್ದದ್ದು ಅವರ ಅಪ್ಪನಿಗೆ ಮಾತ್ರ; ಅವರು ತೀರಿಕೊಂಡು ಬಹಳ ಕಾಲವಾಗಿತ್ತು.

"ಲೇ ಪರ್ಸನ್ ಅಂದ್ರೆ ಏನಮ್ಮಾ?"

"ಅಂದ್ರೆ ಸಾಮಾನ್ಯ ಜನ ಸರ್. ಮೆಡಿಕಲ್ಲು, ಸೈನ್ಸು ಏನೂ ಗೊತ್ತಿಲ್ದೇ ಇರೋರು. ರೂಲ್ಸೇ ಹಾಗಿದೆ."

"ಅಂಗಾರೆ ಊರೆಲ್ಲಾ ತುಂಬವ್ರಲ್ಲಾ, ನಾನೇ ಯಾಕೆ?"

"ಗೊತ್ತಿಲ್ದೇ ಇರೋರಲ್ಲೂ ಗೌರವಸ್ಥರು ಬೇಕಲ್ವಾ ಸರ್."

ಗೌರವಸ್ಥರು ಎಂಬ ಮಾತು ಕೆಲಸ ಮಾಡಿತು. ಆ ವಾರವೇ ಯಲಹಂಕದ ಹಳೇ ಪೇಟೆಯಲ್ಲಿ ಶೇಖರಪ್ಪನವರು ವಿಸಿಟಿಂಗ್ ಕಾರ್ಡು ಮಾಡಿಸಿದರು. ಕಾರ್ಡಿನಲ್ಲಿ ಅವರ ಹೆಸರು, ಅದರ ಕೆಳಗೆ ದಪ್ಪಕ್ಷರದಲ್ಲಿ 'ಸದಸ್ಯರು, ನೈತಿಕ ಸಮಿತಿ'. ಆಸ್ಪತ್ರೆಯ ಹೆಸರು ಹಾಕಲು ಜಾಗ ಸಾಲಲಿಲ್ಲ.

ಇದರಿಂದ ಒಂದು ಎಡವಟ್ಟಾಯಿತು. ಶೇಖರಪ್ಪನವರು ದಿನಾ ಬೆಳಿಗ್ಗೆ ವಾಕಿಂಗಿಗೆ ಹೋಗುತ್ತಿದ್ದದ್ದು ವಿದ್ಯಾರಣ್ಯಪುರದ ಪಾರ್ಕಿಗೆ. ಅಲ್ಲಿ ಕಾರ್ಡು ಹಂಚಿದ ಮೇಲೆ ಬಡಾವಣೆಯ ಸಂಘದವರು ಅವರನ್ನು ಸುತ್ತುವರಿದು, "ಸದ್ಯ, ಸರ್ಕಾರಕ್ಕೆ ಈಗಲಾದ್ರೂ ಬುದ್ಧಿ ಬಂತಲ್ಲಾ ಸರ್. ಆ ಹಿಂದಿನ ಬೆಂಚಲ್ಲಿ ದಿನಾ ಒಂದು ಜೋಡಿ ಕೂತಿರತ್ತೆ, ಸ್ವಲ್ಪ ವಿಚಾರಿಸಿ" ಎಂದರು. ತಮ್ಮ ಸಮಿತಿ ಅಂಥದ್ದಲ್ಲ ಎಂದು ಹೇಳಲು ಶೇಖರಪ್ಪನವರು ಬಾಯಿ ತೆರೆದರು. ಸುತ್ತ ನಿಂತವರ ಕಣ್ಣಿನ ಭಕ್ತಿ ನೋಡಿ ಮುಚ್ಚಿಕೊಂಡರು. ಹಿಂದಿನ ಬೆಂಚಿನ ಹತ್ತಿರ ಹೋಗಿ ಗಂಭೀರವಾಗಿ ಕೆಮ್ಮಿದರು. ಆ ಹುಡುಗಿ ತಿರುಗಿ ನೋಡಿ, "ಅಂಕಲ್, ಸುಸ್ತಾಯ್ತಾ? ಕೂತ್ಕೊಳ್ಳಿ" ಎಂದು ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಅವರು ಕೂತರು. ನೈತಿಕ ಕಾರ್ಯಾಚರಣೆ ಅಲ್ಲಿಗೆ ಮುಗಿಯಿತು.

ನಿಜವಾದ ಸಮಿತಿಯ ಸಭೆ ನಡೆಯುತ್ತಿದ್ದದ್ದು ಆಸ್ಪತ್ರೆಯ ಮೇಲಂತಸ್ತಿನ ತಣ್ಣನೆಯ ಕೋಣೆಯಲ್ಲಿ. ಪ್ರತಿಯೊಬ್ಬರ ಮುಂದೆ ದಿಂಬಿನಷ್ಟು ದಪ್ಪದ ಫೈಲು, ಪಕ್ಕದಲ್ಲಿ ಹುರಿದ ಗೋಡಂಬಿ. ಅಧ್ಯಕ್ಷರು ಒಬ್ಬ ನಿವೃತ್ತ ಪ್ರೊಫೆಸರು. ಊಟ ತಣ್ಣಗಾಗುವ ಮುಂಚೆ ಸಭೆ ಮುಗಿಸಬೇಕೆಂಬ ವಿಷಯದಲ್ಲಿ ಅವರ ತತ್ವನಿಷ್ಠೆ ಅಚಲವಾದದ್ದು. ಫೈಲನ್ನು ನಿಜಕ್ಕೂ ಓದಿಕೊಂಡು ಬರುತ್ತಿದ್ದವರು ಒಬ್ಬರೇ: ಆರ್.ಟಿ. ನಗರದಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಔಷಧಶಾಸ್ತ್ರದ ಪ್ರೊಫೆಸರು, ಡಾಕ್ಟರ್ ತಸ್ನೀಮ್. ಅವರು ಪ್ರಶ್ನೆ ಕೇಳುತ್ತಿದ್ದರು. ಅಧ್ಯಕ್ಷರು ಗೋಡಂಬಿ ಅಗಿಯುತ್ತಾ "ನೋಟೆಡ್" ಎನ್ನುತ್ತಿದ್ದರು.

ಶೇಖರಪ್ಪನವರೂ ಪ್ರತಿ ಸಭೆಯಲ್ಲಿ ಒಂದು ಪ್ರಶ್ನೆ ಕೇಳುತ್ತಿದ್ದರು. ಔಷಧ ಯಾವುದೇ ಇರಲಿ, ಪ್ರಶ್ನೆ ಅದೇ: "ಬಡವ್ರಿಗೆ ತೊಂದ್ರೆ ಆಗಾಕಿಲ್ವಾ?" ಕಂಪನಿಯವರು "ಖಂಡಿತಾ ಇಲ್ಲ ಸರ್" ಎನ್ನುತ್ತಿದ್ದರು. ಸಾಮಾನ್ಯ ಸದಸ್ಯರು ಕಾಳಜಿ ವ್ಯಕ್ತಪಡಿಸಿ ಸಮಾಧಾನಗೊಂಡರು ಎಂದು ನಡಾವಳಿಯಲ್ಲಿ ಬರೆಯಲಾಗುತ್ತಿತ್ತು. ಆಮೇಲೆ ಊಟ.

ಹೀಗೆ ಸುಖವಾಗಿ ನಡೆಯುತ್ತಿದ್ದ ಸಮಿತಿಗೆ ಒಂದು ದಿನ ಆರ್‌ಎನ್‌ಎ ಔಷಧ ಬಂತು.

ಅದನ್ನು ತಂದವನು ಹೆಬ್ಬಾಳದ ಕಡೆಯ ಒಂದು ಔಷಧ ಕಂಪನಿಯ ಶರತ್. ಇಸ್ತ್ರಿ ಮುರಿಯದ ಅಂಗಿ, ಗೋಡೆಯ ಮೇಲೆ ಬಣ್ಣದ ಸ್ಲೈಡು. ಲೇ ಪರ್ಸನ್‌ಗೂ ಅರ್ಥವಾಗಬೇಕೆಂಬ ನಿಯಮ ನೆನಪಿಟ್ಟುಕೊಂಡು ಅವನು ಶೇಖರಪ್ಪನವರ ಕಡೆಗೇ ತಿರುಗಿ ವಿವರಿಸಿದ.

"ಸರ್, ನಮ್ಮ ಜೀವಕೋಶಗಳಲ್ಲಿ ಆರ್‌ಎನ್‌ಎ ಅಂತ ಇರತ್ತೆ. ಯಾವ ಪ್ರೋಟೀನ್ ತಯಾರಿಸ್ಬೇಕು ಅಂತ ಆರ್ಡರ್ ಒಯ್ಯೋದು ಅದು. ಬಿಪಿ ಏರಿಸೋಕೆ ಕಾರಣ ಆಗೋ ಒಂದು ಪ್ರೋಟೀನನ್ನ ನಮ್ಮ ಲಿವರ್ ತಯಾರಿಸತ್ತೆ. ನಾವು ಕೊಡೋ ಔಷಧಾನೂ ಒಂದು ಚಿಕ್ಕ ಆರ್‌ಎನ್‌ಎ. ಅದು ಹೋಗಿ ಆ ಆರ್ಡರನ್ನ ಹರಿದು ಹಾಕತ್ತೆ. ಆರ್ಡರ್ ಇಲ್ಲ, ಪ್ರೋಟೀನ್ ಇಲ್ಲ, ಬಿಪಿ ಇಲ್ಲ!"

"ಬಿಪಿ ಇಲ್ಲಾಂದ್ರೆ ಮನ್ಸ ಸತ್ತೋಗ್ತಾನಲ್ಲಪ್ಪಾ" ಎಂದರು ಶೇಖರಪ್ಪ.

ಎಲ್ಲರೂ ನಕ್ಕರು. "ಹೈ ಬಿಪಿ ಇಲ್ಲ ಅಂತ ಸರ್" ಎಂದು ತಿದ್ದಿಕೊಂಡು ಶರತ್ ಮುಂದುವರಿದ. "ತೊಂದ್ರೆ ಏನಂದ್ರೆ, ಈ ಔಷಧಾನ ಹಾಗೇ ರಕ್ತಕ್ಕೆ ಬಿಟ್ರೆ ನಿಮಿಷದಲ್ಲಿ ಚೂರುಚೂರಾಗತ್ತೆ. ಅದನ್ನ ಲಿವರ್ ತನಕ ಮುಟ್ಟಿಸೋದೇ ದೊಡ್ಡ ವಿದ್ಯೆ. ಕೊಬ್ಬಿನ ಸಣ್ಣ ಗುಳ್ಳೆಯೊಳಗೆ ತುಂಬಿ ಡ್ರಿಪ್ಪಲ್ಲಿ ಕೊಡೋ ದಾರಿ ಒಂದಿದೆ; ಅದ್ರಲ್ಲಿ ಕೆಲವರಿಗೆ ಚಳಿ, ಜ್ವರ, ಅಲರ್ಜಿ ಬರತ್ತೆ. ನಾವು ಬೇರೆ ದಾರಿ ಹಿಡಿದಿದೀವಿ. ಔಷಧಾನೇ ಸ್ವಲ್ಪ ಗಟ್ಟಿ ಮಾಡಿ, ಅದಕ್ಕೊಂದು ಸಕ್ಕರೆ ಅಂಟಿಸ್ತೀವಿ. ಲಿವರ್ ಆ ಸಕ್ಕರೆ ಗುರುತು ಹಿಡಿದು ತಾನೇ ಒಳಗೆ ಎಳ್ಕೊಳ್ಳತ್ತೆ."

"ಸಕ್ಕರೆನಾ? ಶುಗರ್ ಇರೋರ್ಗೆ ಎಂಗಪ್ಪಾ?"

"ಅದು ಆ ಸಕ್ಕರೆ ಅಲ್ಲ ಸರ್."

"ಇನ್ಯಾವ್ದು, ಬೆಲ್ಲಾನಾ?"

ಶರತ್ ನೀರು ಕುಡಿದು ಕೊನೆಯ ಸ್ಲೈಡು ಹಾಕಿದ. ಅದರಲ್ಲಿ ಮುದುಕ ಮುದುಕಿ ಕೈ ಕೈ ಹಿಡಿದು ಸಮುದ್ರತೀರದಲ್ಲಿ ನಗುತ್ತಿದ್ದರು. "ದಿನಾ ಮಾತ್ರೆ ನುಂಗೋ ಗೋಳಿಲ್ಲ ಸರ್. ಹೊಟ್ಟೆ ಚರ್ಮಕ್ಕೆ ಆರು ತಿಂಗಳಿಗೊಂದು ಸೂಜಿ. ಅಷ್ಟೇ."

ಶೇಖರಪ್ಪನವರ ಕಿವಿ ನೆಟ್ಟಗಾಯಿತು. ಬಿಪಿ ಮಾತ್ರೆ ಮರೆಯುವುದು, ಮರೆತದ್ದಕ್ಕೆ, ತಮ್ಮ ಬಿಪಿ ಮಾತ್ರೆಯನ್ನು ಒಂದು ದಿನವೂ ತಪ್ಪಿಸದ ಹೆಂಡತಿ ಮುನಿರತ್ನಮ್ಮನವರಿಂದ ಬೈಸಿಕೊಳ್ಳುವುದು, ಬೈಸಿಕೊಂಡು ಬಿಪಿ ಏರಿಸಿಕೊಳ್ಳುವುದು ಅವರ ನಿತ್ಯದ ಪಾಡು. ಆ ಸಮುದ್ರತೀರದಲ್ಲಿ ಅವರು ತಮ್ಮನ್ನೇ ಕಂಡರು. ಹಾಗಾಗಿ ಅದೇ ಹೊತ್ತಿಗೆ ತಸ್ನೀಮ್ ಕೇಳಿದ ಪ್ರಶ್ನೆ ಅವರಿಗೆ ಕೇಳಿಸಲೇ ಇಲ್ಲ.

"ತಿಂಗಳುಗಟ್ಟಲೆ ಕೆಲಸ ಮಾಡೋ ಔಷಧ. ನಡುವೆ ಪೇಷೆಂಟ್‌ಗೆ ಬಿಪಿ ತೀರಾ ಇಳಿದ್ರೆ? ಒಳಗೆ ಹೋಗಿರೋದನ್ನ ವಾಪಸ್ ತೆಗೆಯೋಕಾಗಲ್ಲ. ಆವಾಗ ಏನ್ಮಾಡ್ತೀರಿ?"

"ಎಕ್ಸಲೆಂಟ್ ಕ್ವೆಶ್ಚನ್ ಮೇಡಂ" ಎಂದ ಶರತ್. "ಪ್ರೋಟೋಕಾಲಲ್ಲಿ ಅಡ್ರೆಸ್ ಮಾಡಿದೀವಿ."

"ನೋಟೆಡ್" ಎಂದರು ಅಧ್ಯಕ್ಷರು. ಒಪ್ಪಿಗೆಯೂ ಅವತ್ತೇ ಆಗಿಬಿಡುತ್ತಿತ್ತು. ರೋಗಿಗಳು ಓದಿ ಸಹಿ ಹಾಕಬೇಕಾದ ಕನ್ನಡದ ಒಪ್ಪಿಗೆ ಪತ್ರ ಇನ್ನೂ ಬಂದಿರಲಿಲ್ಲ, ಅಷ್ಟೇ. ಅದು ಬಂದ ಮೇಲೆ ಮುಂದಿನ ಸಭೆಯಲ್ಲಿ ಮುಗಿಸೋಣ ಎಂದಾಯಿತು.

ಮಾರನೆಯ ಬೆಳಿಗ್ಗೆ ಪಾರ್ಕಿನಲ್ಲಿ ಶೇಖರಪ್ಪನವರು ಆರ್‌ಎನ್‌ಎ ತಜ್ಞರಾಗಿದ್ದರು. ಅವರ ಮೊದಲ ವಿದ್ಯಾರ್ಥಿ ಅತಾವುಲ್ಲಾ. ಯಶವಂತಪುರದ ಮಾರುಕಟ್ಟೆಯಲ್ಲಿ ಈರುಳ್ಳಿ ಮಂಡಿ ಇಟ್ಟಿದ್ದ ಹಳೆಯ ಸ್ನೇಹಿತರು. ಈಗ ಮಂಡಿಯನ್ನು ಮಗ ಫರ್ಹಾನ್ ನೋಡಿಕೊಳ್ಳುತ್ತಿದ್ದರೂ ದಿನಕ್ಕೊಮ್ಮೆ ಹೋಗಿ ಅವನ ಕೆಲಸ ಕೆಡಿಸಿ ಬರುತ್ತಿದ್ದರು. ಅವರಿಗೂ ಬಿಪಿ.

"ಸಾಬ್ರೇ, ಔಸ್ದಿ ಒಳ್ಳೇದೇ. ಆದ್ರೆ ದಾರೀಲೇ ಆಳಾಗೋಗ್ತದೆ. ಅದುಕ್ಕೇ ಸಕ್ಕರೆ ಅಂಟ್ಸಿ ಕಳಿಸ್ತಾರೆ" ಎಂದರು ಶೇಖರಪ್ಪ.

"ಅಂದ್ರೆ ಮಾಲು ಚೆನ್ನಾಗಿದೆ, ಪ್ಯಾಕಿಂಗ್ ಬೇಕು, ಮೇಲೊಂದು ಅಡ್ರೆಸ್ ಚೀಟಿ ಬೇಕು."

"ಆಂ, ಅಷ್ಟೇಯಾ."

"ಲೋಡು ಪೂರ್ತಿ ಒಳಗೆ ಇಳಿಯತ್ತಾ ಶೇಖರಪ್ಪಣ್ಣ?"

"ಎಲ್ಲಿ ಬಂತು? ಲಿವರ್ ಒಳೀಕ್ ಓದ್ರೂ ಮುಕ್ಕಾಲಿಗ್ ಮುಕ್ಕಾಲು ಅಲ್ಲೇ ಚೀಲ್ದಾಗ್ ಸಿಕ್ಕಾಕ್ಕೊಂಡು ಕರಗೋಗ್ತದಂತೆ. ತಪ್ಪಿಸ್ಕೊಂಡಿದ್ದು ಒಂಚೂರು. ಆ ಚೂರೇ ಆರು ತಿಂಗ್ಳು ದುಡೀತದೆ."

ಅತಾವುಲ್ಲಾ ನಡಿಗೆ ನಿಲ್ಲಿಸಿದರು. "ಅಂಥಾ ಒಬ್ಬ ಹಮಾಲಿ ನಂಗೆ ಸಿಕ್ಕಿದ್ರೆ ಮಂಡೀನ ಮಗನ ಕೈಗೆ ಕೊಡ್ತಾನೇ ಇರ್ಲಿಲ್ಲ" ಎಂದರು.

ಸುದ್ದಿ ಪಾರ್ಕಿನಲ್ಲಿ ಹಬ್ಬಿತು. ಸೂಜಿಯಿಂದ ಡಿಎನ್‌ಎ ಬದಲಾಗುತ್ತದೆಯೇ ಎಂದು ಒಬ್ಬರು ಆತಂಕದಿಂದ ಕೇಳಿದರು. ಅವರ ಫೋನಿಗೆ ಹಾಗೊಂದು ಮೆಸೇಜು ಬಂದಿತ್ತಂತೆ. ಶೇಖರಪ್ಪನವರು ಮೊದಲು ಇಲ್ಲ ಎಂದರು. ಮರುದಿನ, ಬದಲಾದರೂ ಒಳ್ಳೆಯದಕ್ಕೇ ಎಂದರು. ಎರಡೂ ಉತ್ತರವನ್ನು ಅವರು ಒಂದೇ ಗಾಂಭೀರ್ಯದಿಂದ ಕೊಟ್ಟದ್ದರಿಂದ ಯಾರೂ ಜಗಳ ತೆಗೆಯಲಿಲ್ಲ. ತಮಗೇ ಮೊದಲ ಸೂಜಿ ಹಾಕಬೇಕೆಂದು ಅವರು ಶಾಂತಲಾ ಅವರಿಗೆ ಫೋನು ಮಾಡಿದರು. "ಪೇಪರ್ ತಿದ್ದೋರೇ ಪರೀಕ್ಷೆ ಬರೆಯೋ ಹಾಗಿಲ್ಲ ಸರ್" ಎಂಬ ಉತ್ತರ ಬಂತು. ಅವತ್ತು ಅವರು ಊಟ ಸರಿಯಾಗಿ ಮಾಡಲಿಲ್ಲ.

ಕನ್ನಡದ ಒಪ್ಪಿಗೆ ಪತ್ರ ಮನೆಗೆ ಬಂದದ್ದು ಆಮೇಲೆ. ಅದನ್ನು ಮನುಷ್ಯರು ಅನುವಾದಿಸಿದ್ದರೋ ಕಂಪ್ಯೂಟರೋ, ಹೇಳುವುದು ಕಷ್ಟ. ಇಬ್ಬರೂ ಒಪ್ಪಿಕೊಳ್ಳುವಂಥ ಕೆಲಸ ಅದಾಗಿರಲಿಲ್ಲ. ಅವರೆಕಾಯಿ ಸುಲಿಯುತ್ತ ಕೂತಿದ್ದ ಮುನಿರತ್ನಮ್ಮನವರ ಮುಂದೆ ಶೇಖರಪ್ಪನವರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

"ಔಷಧದ ಹೆರಿಗೆಯು ಯಕೃತ್ತಿನಲ್ಲಿ ಸಂಭವಿಸುತ್ತದೆ. ಹೆರಿಗೆಯ ಸುರಕ್ಷತೆಯನ್ನು ಕಾಲಕಾಲಕ್ಕೆ ಪರಿಶೀಲಿಸಲಾಗುವುದು."

ಮುನಿರತ್ನಮ್ಮ ಕೈ ನಿಲ್ಲಿಸಿದರು. "ಎಲ್ಲಿ ಎರಿಗೆ ಅಂದ್ರಿ?"

"ಯಕೃತ್ತು. ಲಿವರ್ರು."

"ಗಂಡಸ್ರುದ್ರಲ್ಲೂವಾ?"

"ಎಲ್ರುದ್ರಲ್ಲೂ ಅಂತ ಬರ್ದವ್ರೆ."

"ಆಗ್ಲಿ ಬುಡಿ. ನೋವು ಏನಂತ ನಿಮ್ಗೂ ಒಂದ್ಸಲ ಗೊತ್ತಾಗ್ಲಿ."

ಮುಂದಿನ ಸಾಲು: "ಪ್ರತಿಕೂಲ ಘಟನೆ ಜರುಗಿದಲ್ಲಿ ವಿಷಯವನ್ನು ತಕ್ಷಣ ಕೊನೆಗೊಳಿಸಲಾಗುವುದು." ಇದು ಚೆನ್ನಾಗಿದೆ, ಕೆಟ್ಟ ವಿಷಯ ಬೇಗ ಮುಗಿಸುವುದು ಒಳ್ಳೆಯದೇ ಎಂದು ಶೇಖರಪ್ಪನವರು ತಲೆದೂಗಿದರು. ಅಲ್ಲಿ ವಿಷಯ ಎಂದರೆ ಇಂಗ್ಲಿಷಿನ 'ಸಬ್ಜೆಕ್ಟ್', ಅಂದರೆ ಪ್ರಯೋಗಕ್ಕೆ ಬಂದ ರೋಗಿ ಎಂಬುದು ಅವರಿಗೆ ಹೊಳೆಯಲಿಲ್ಲ.

ಆ ವಾರದ ಕೊನೆಗೆ ಜಾಲಹಳ್ಳಿಯ ನೆಂಟರ ಮನೆಯಲ್ಲಿ ಗೃಹಪ್ರವೇಶವಿತ್ತು. ಊಟ ಭರ್ಜರಿಯಾಗಿತ್ತು; ಮಾರನೆಯ ದಿನ ಮುನಿರತ್ನಮ್ಮನವರಿಗೆ ವಾಂತಿಭೇದಿಯೂ ಅಷ್ಟೇ ಭರ್ಜರಿಯಾಗಿ ಹಿಡಿಯಿತು. ಮಧ್ಯಾಹ್ನದ ಹೊತ್ತಿಗೆ ಎದ್ದು ನಿಂತರೆ ಕಣ್ಣಿಗೆ ಕತ್ತಲೆ. ಶೇಖರಪ್ಪನವರು ಶಾಂತಲಾ ಅವರಿಗೆ ಫೋನು ಹಚ್ಚಿದರು.

"ಓಆರ್‌ಎಸ್ ಕುಡಿಸ್ತಾ ಇರಿ ಸರ್. ಭೇದಿ ನಿಂತು ಸರಿಯಾಗಿ ಊಟ ಮಾಡೋವರೆಗೂ ಅವರ ಆ ಬಿಪಿ ಮಾತ್ರೆ ಕೊಡ್ಬೇಡಿ. ತಲೆಸುತ್ತು ಜಾಸ್ತಿಯಾದ್ರೆ ಕಾಯ್ಬೇಡಿ, ಕರ್ಕೊಂಡು ಬನ್ನಿ."

"ಮಾತ್ರೆ ಯಾಕೆ ಬ್ಯಾಡ?"

"ಮೈಯಲ್ಲಿ ನೀರು ಕಮ್ಮಿ ಆದಾಗ ಬಿಪಿ ತಾನಾಗೇ ಇಳಿದಿರತ್ತೆ. ಮಾತ್ರೆ ಇನ್ನೂ ಇಳಿಸ್ಬಿಡತ್ತೆ, ಕಿಡ್ನಿಗೂ ಒಳ್ಳೇದಲ್ಲ."

ಎರಡು ದಿನದಲ್ಲಿ ಮುನಿರತ್ನಮ್ಮ ಎದ್ದು ಕೂತು ಗಂಜಿ ಕುಡಿದರು. ಕುಡಿದ ಮೇಲೆ ಮಾಡಿದ ಮೊದಲ ಕೆಲಸ ಗಂಡನನ್ನು ಹತ್ತಿರ ಕರೆದದ್ದು.

"ಅಲ್ಲಾ, ಮಾತ್ರೆ ಆಗಿದ್ಕೆ ನಿಲ್ಲಿಸ್ದೆ. ನಿಮ್ಮ ಆ ಎರಿಗೆ ಸೂಜಿ ಚುಚ್ಚಿಸ್ಕೊಂಡಿದ್ರೆ ಏನ್ ನಿಲ್ಲಿಸ್ಬೇಕಾಗಿತ್ತು?"

ಶೇಖರಪ್ಪನವರು ಮೇಜಿನ ಮೇಲೆ ಉಳಿದಿದ್ದ ಓಆರ್‌ಎಸ್ ನೀರನ್ನು ತಾವೇ ಕುಡಿದು ಎದ್ದುಹೋದರು. ಆದರೆ ಪ್ರಶ್ನೆ ಅವರ ಬೆನ್ನು ಬಿಡಲಿಲ್ಲ. ಅವತ್ತು ಹೆಂಡತಿ ಗೋಡೆ ಹಿಡಿದು ನಿಂತ ರೀತಿ, ಆ ಬಿಳಿಚಿಕೊಂಡ ಮುಖ, ಎರಡೂ ಮತ್ತೆ ಮತ್ತೆ ಕಣ್ಣ ಮುಂದೆ ಬಂದವು. ಸಮುದ್ರತೀರದ ಮುದುಕಿ ಈಗ ಅವರಿಗೆ ನಗುತ್ತಿರುವಂತೆ ಕಾಣುತ್ತಿರಲಿಲ್ಲ.

ಮುಂದಿನ ಸಭೆಯಲ್ಲಿ ಅಧ್ಯಕ್ಷರು ಒಪ್ಪಿಗೆಯ ಹಾಳೆಯನ್ನು ಸಹಿಗೆ ಸರಿಸಿ, ವಾಡಿಕೆಯಂತೆ ಸಾಮಾನ್ಯ ಸದಸ್ಯರ ಕಡೆ ನೋಡಿದರು. ಬಡವರ ಪ್ರಶ್ನೆಗೆ ಎಲ್ಲರೂ ಸಿದ್ಧರಾಗಿದ್ದರು. ಶೇಖರಪ್ಪನವರು ಗಂಟಲು ಸರಿಮಾಡಿಕೊಂಡು ಕೇಳಿದರು:

"ವಾಂತಿಭೇದಿ ಅತ್ಕೊಂಡ್ರೆ ಏನ್ ಮಾಡ್ಬೇಕು?"

"ಯಾರಿಗೆ ಸರ್?"

"ಸೂಜಿ ಆಕಿಸ್ಕೊಂಡೋನ್ಗೆ. ಮಾತ್ರೆ ಆದ್ರೆ ಬುಡ್ತಾನೆ. ಸೂಜೀನ ಎಂಗ್ ಬುಡ್ತಾನೆ? ಒಳಗದೆಯಲ್ಲಾ ಅದು, ಆರು ತಿಂಗ್ಳು!"

ಶರತ್ ಲ್ಯಾಪ್‌ಟಾಪಿನಲ್ಲಿ ಸ್ಲೈಡು ಹುಡುಕಿದ. ಉತ್ತರ ಇರಲಿಲ್ಲವೆಂದಲ್ಲ. ಡ್ರಿಪ್ಪು ಹಾಕುವುದು, ಉಪ್ಪಿನಂಶ ಕೊಡುವುದು, ಅಗತ್ಯ ಬಿದ್ದರೆ ಬಿಪಿ ಏರಿಸುವ ಔಷಧ ಕೊಡುವುದು, ಎಲ್ಲವೂ ಇಂಗ್ಲಿಷಿನ ದಪ್ಪ ಫೈಲಿನೊಳಗೆ ಅಚ್ಚುಕಟ್ಟಾಗಿ ಇತ್ತು. ಕನ್ನಡದ ಪತ್ರದಲ್ಲಿ ಮಾತ್ರ ಒಂದಕ್ಷರವೂ ಇರಲಿಲ್ಲ. ಭೇದಿ ಹಿಡಿಯಬೇಕಾದ ಜನ ಕನ್ನಡದವರಾಗಿದ್ದರು, ಅದೊಂದೇ ತೊಡಕು.

"ಇದನ್ನೇ ನಾನು ಹೋದ ಸಲ ಕೇಳಿದ್ದೆ" ಎಂದರು ತಸ್ನೀಮ್.

"ಶೇಖರಪ್ಪನವರು ಬಹಳ ಮೂಲಭೂತವಾದ ಪ್ರಶ್ನೆ ಎತ್ತಿದ್ದಾರೆ" ಎಂದರು ಅಧ್ಯಕ್ಷರು, ತಸ್ನೀಮ್ ಮಾತು ಕೇಳಿಸದವರಂತೆ. ಕೂತ ಕುರ್ಚಿಯ ಕೆಳಗಿನ ನೆಲ ಯಾರದು ಎಂಬುದು ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಪ್ರೊಫೆಸರ್ ಕೇಳಿದಾಗ ನೋಟೆಡ್ ಆಗಿದ್ದ ಪ್ರಶ್ನೆ, ಜಾಗದ ಯಜಮಾನರು ಕೇಳಿದಾಗ ಸಭೆಯನ್ನೇ ಮುಂದೂಡಿತು. ಶೇಖರಪ್ಪನವರು ಹೊಗಳಿಕೆಯನ್ನು ತಲೆಬಾಗಿ ಸ್ವೀಕರಿಸಿದರು. ಪ್ರಶ್ನೆ ಹೆಂಡತಿಯದು ಎಂದು ಅವರು ಹೇಳಲಿಲ್ಲ. ತಸ್ನೀಮ್ ಶೇಖರಪ್ಪನವರನ್ನೊಮ್ಮೆ ನೋಡಿ, ನಕ್ಕು, ಫೈಲು ಮುಚ್ಚಿದರು.

ಎರಡು ದಿನ ಕಳೆದು ಆಸ್ಪತ್ರೆಯ ಎಂ.ಡಿ. ಸತೀಶ್ ಮನೆಗೇ ಬಂದರು. ಜೊತೆಗೆ ಬಣ್ಣದ ಕಾಗದ ಸುತ್ತಿದ ಹಣ್ಣಿನ ಬುಟ್ಟಿ. ಅದರಲ್ಲಿದ್ದ ಹಣ್ಣುಗಳಲ್ಲಿ ಅರ್ಧಕ್ಕೆ ಮುನಿರತ್ನಮ್ಮನವರಿಗೆ ಹೆಸರೇ ಗೊತ್ತಿರಲಿಲ್ಲ.

"ಸರ್, ಕಂಪನಿಯವರು ಬೇರೆ ಆಸ್ಪತ್ರೆಗೆ ಹೋಗ್ಬಿಡ್ತಾರೆ. ನೀವು ಲೇ ಪರ್ಸನ್ನು. ಈ ಟೆಕ್ನಿಕಲ್ ವಿಷ್ಯ ಎಲ್ಲ ಅರ್ಥ ಆಗೋರಿಗೆ ಬಿಡಿ. ಒಂದು ಸೈನ್ ಹಾಕ್ಬಿಟ್ರೆ..."

ಬೇರೆ ದಿನವಾಗಿದ್ದರೆ ಶೇಖರಪ್ಪನವರು ಹಾಕಿಬಿಡುತ್ತಿದ್ದರೇನೋ. ಆದರೆ ಅಡುಗೆಮನೆಯ ಬಾಗಿಲಲ್ಲಿ ಸೆರಗು ಸಿಕ್ಕಿಸಿಕೊಂಡು ಮುನಿರತ್ನಮ್ಮ ನಿಂತಿದ್ದರು. ಜೊತೆಗೆ ಆ 'ಲೇ' ಅವರ ಕಿವಿಗೆ ಮತ್ತೆ ಚುಚ್ಚಿತು.

"ಸತೀಸಪ್ಪಾ, ಅರ್ತ ಆಗ್ದೇ ಇರೋನು ಬೇಕು ಅಂತ್ಲೇ ಅಲ್ವಾ ನನ್ನ ಆಕ್ಕೊಂಡಿರೋದು? ನಂಗಿನ್ನೂ ಅರ್ತ ಆಗಿಲ್ಲ. ಆಗೋಗಂಟ ಸೈನ್ ಆಕಾಕಿಲ್ಲ."

ಎಂ.ಡಿ. ಹೋದ ಮೇಲೆ ಮುನಿರತ್ನಮ್ಮ ಗಂಡನಿಗೆ ಬಿಪಿ ಮಾತ್ರೆಯನ್ನೂ ನೀರನ್ನೂ ತಂದುಕೊಟ್ಟರು.

ಕಂಪನಿ ಎಲ್ಲಿಗೂ ಹೋಗಲಿಲ್ಲ. ಬೇರೆ ಆಸ್ಪತ್ರೆಯಲ್ಲಿ ಮತ್ತೆ ಮೊದಲಿನಿಂದ ಶುರುಮಾಡುವುದಕ್ಕಿಂತ ಒಂದು ಪತ್ರ ತಿದ್ದುವುದು ಸುಲಭ ಎಂದು ಯಾರೋ ಹೇಳಿರಬೇಕು. ಒಂದು ಭಾನುವಾರ ಶೇಖರಪ್ಪನವರ ನಡುಮನೆಯಲ್ಲೇ ತಿದ್ದುವ ಕೆಲಸ ನಡೆಯಿತು. ತಸ್ನೀಮ್ ಬಂದರು, ಲ್ಯಾಪ್‌ಟಾಪ್ ಹಿಡಿದು ಶರತ್ ಬಂದ, ಸಾಮಾನ್ಯ ಜನರ ಪರವಾಗಿ ಅತಾವುಲ್ಲಾ ಮತ್ತು ಅವರ ಹೆಂಡತಿ ಸಬೀರಾ ಬಂದರು. ಮುನಿರತ್ನಮ್ಮ ನಿಪ್ಪಟ್ಟು ಇಟ್ಟರು. ಸಾಲು ಸಾಲಾಗಿ ಓದುವುದು, ಯಾರಿಗಾದರೂ ನಗು ಬಂದರೆ ಆ ಸಾಲನ್ನು ಹೊಡೆದುಹಾಕುವುದು ಎಂದು ತಸ್ನೀಮ್ ನಿಯಮ ಮಾಡಿದರು. ಮೊದಲ ಪುಟದಲ್ಲಿ ಉಳಿದದ್ದು ಆಸ್ಪತ್ರೆಯ ವಿಳಾಸ ಮಾತ್ರ.

"ಇಲ್ಲಿ ಹೆರಿಗೆ ಅಂದ್ರೆ ಡೆಲಿವರಿ ಮೇಡಂ, ಔಷಧ ಮುಟ್ಟಿಸೋದು" ಎಂದು ಶರತ್ ಕೆಂಪಾಗಿ ಒಪ್ಪಿಕೊಂಡ. ಪತ್ರವನ್ನು ಅವನೂ ಅವತ್ತೇ ಮೊದಲ ಸಲ ಓದುತ್ತಿದ್ದ.

"ರೋಜಾ ಇಟ್ರೆ?" ಎಂದು ಅತಾವುಲ್ಲಾ ಕೇಳಿದರು. "ಬೇಸಿಗೇಲಿ ಇಡೀ ದಿನ ನೀರಿಲ್ದೆ?"

ಶರತ್ ತಸ್ನೀಮ್ ಮುಖ ನೋಡಿದ. ತಸ್ನೀಮ್ ಶರತ್ ಮುಖ ನೋಡಿದರು. "ಇದು ನಂಗೂ ಹೊಳೆದಿರ್ಲಿಲ್ಲ, ಅದೂ ನಂಗೆ!" ಎಂದು ತಸ್ನೀಮ್ ಹಣೆ ಚಚ್ಚಿಕೊಂಡರು.

ಊರಿಗೆ ಹೋದಾಗ ತಲೆಸುತ್ತಿ ಬಿದ್ದರೆ ಅಲ್ಲಿನ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು ಎಂದು ಸಬೀರಾ ಕೇಳಿದರು. ಅದಕ್ಕೆ ಜೇಬಿನಲ್ಲಿಟ್ಟುಕೊಳ್ಳುವ ಒಂದು ಕಾರ್ಡು ಮಾಡಿಸಬೇಕೆಂದಾಯಿತು. ಸಂಜೆಯ ಹೊತ್ತಿಗೆ ಪತ್ರ ಹೀಗೆ ನಿಂತಿತು: ಈ ಸೂಜಿಯ ಔಷಧ ತಿಂಗಳುಗಟ್ಟಲೆ ಮೈಯೊಳಗೆ ಕೆಲಸ ಮಾಡುತ್ತದೆ. ಬೇಡವೆನಿಸಿದಾಗ ಮಾತ್ರೆಯಂತೆ ನಿಲ್ಲಿಸಲು ಬರುವುದಿಲ್ಲ. ವಾಂತಿಭೇದಿಯಾದರೆ, ಉಪವಾಸವಿರುವುದಾದರೆ, ಗಾಯವಾಗಿ ರಕ್ತ ಹೋದರೆ ಕೂಡಲೇ ನಮಗೆ ಫೋನು ಮಾಡಿ. ಲಿವರ್‌ಗೆ ತೊಂದರೆಯಾಗಿಲ್ಲವೇ ಎಂದು ಆಗಾಗ ರಕ್ತ ಪರೀಕ್ಷೆ ಮಾಡುತ್ತೇವೆ. ಕೆಲವರಿಗೆ ಔಷಧ, ಕೆಲವರಿಗೆ ಬರೀ ಉಪ್ಪುನೀರಿನ ಸೂಜಿ. ಯಾರಿಗೆ ಯಾವುದು ಎಂದು ನಿಮಗೂ ಗೊತ್ತಿರುವುದಿಲ್ಲ, ನಿಮ್ಮ ಡಾಕ್ಟರಿಗೂ ಗೊತ್ತಿರುವುದಿಲ್ಲ.

"ಡಾಕ್ಟ್ರಿಗೂ ಗೊತ್ತಿರಾಕಿಲ್ಲ ಅನ್ನೋದ ಫಸ್ಟ್ ಟೈಮ್ ಬರ್ದು ಕೊಟ್ಟವ್ರೆ" ಎಂದು ಶೇಖರಪ್ಪನವರು ಸಂತೋಷದಿಂದ ಸಹಿ ಹಾಕಿದರು.

ಕಂಪನಿಯವರು ಈ ಪ್ರಸಂಗವನ್ನು ವ್ಯರ್ಥ ಮಾಡಲಿಲ್ಲ. ರೋಗಿಯೇ ನಮ್ಮ ಕೇಂದ್ರ ಎಂಬ ತಲೆಬರಹದ ಕೆಳಗೆ ಅವರ ವೆಬ್‌ಸೈಟಿನಲ್ಲಿ ಶೇಖರಪ್ಪನವರ ಫೋಟೋ ಬಂತು, ಅದೇ ಹಣ್ಣಿನ ಬುಟ್ಟಿಯ ಪಕ್ಕದಲ್ಲಿ. ತಸ್ನೀಮ್ ಹೆಸರು ಎಲ್ಲೂ ಇರಲಿಲ್ಲ. ನಿಪ್ಪಟ್ಟಿನ ತಟ್ಟೆ ಮೂಲೆಯಲ್ಲಿ ಚೂರು ಕಾಣುತ್ತಿತ್ತು.

ಪ್ರಯೋಗಕ್ಕೆ ಮೊದಮೊದಲು ಸೇರಿದವರಲ್ಲಿ ಅತಾವುಲ್ಲಾ ಒಬ್ಬರು. ಹೊಟ್ಟೆಗೆ ಸೂಜಿ ಚುಚ್ಚಿಸಿಕೊಂಡು, ಹಳೆಯ ಮಾತ್ರೆಗಳಲ್ಲಿ ಒಂದನ್ನು ಉಳಿಸಿಕೊಂಡು, ಕಾರ್ಡನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದರು. ವಾರ ಕಳೆಯುವುದರೊಳಗೆ ಬಿಪಿ ಇಳಿಯಿತು. ಪಾರ್ಕಿನಲ್ಲಿ ಈಗ ಪ್ರವಚನ ಅವರದು. "ಏನ್ ಹಗುರ ಅಂತೀರಾ ಮೈ! ಲಿವರಲ್ಲಿ ಕೆಲಸ ನಡೀತಾ ಇರೋದು ನಂಗೆ ಒಳಗಿಂದ ಗೊತ್ತಾಗತ್ತೆ" ಎನ್ನುತ್ತಿದ್ದರು. ಅವರ ಮಾತು ಕೇಳಿಯೇ ನಾಲ್ಕಾರು ಜನ ಆಸ್ಪತ್ರೆಗೆ ಹೋಗಿ ಹೆಸರು ಬರೆಸಿದರು. ಶೇಖರಪ್ಪನವರಿಗೆ ಹೊಟ್ಟೆಕಿಚ್ಚಾಯಿತು, ತೋರಿಸಿಕೊಳ್ಳಲಿಲ್ಲ.

ಬೇಸಿಗೆ ಬಂತು. ಒಂದು ದಿನ ಅತಾವುಲ್ಲಾ ಅವರಿಗೆ ಹೊಟ್ಟೆ ಕೆಟ್ಟಿತು. ಪತ್ರದಲ್ಲಿ ಬರೆದಂತೆ ಫೋನು ಮಾಡಬೇಕಿತ್ತು; ಬರೆಸಿದವರಲ್ಲಿ ತಾವೂ ಒಬ್ಬರಾದ್ದರಿಂದ ಅದು ತಮಗೆ ಅನ್ವಯಿಸುವುದಿಲ್ಲ ಎಂದುಕೊಂಡರು. ಮಾತ್ರೆಯನ್ನೂ ನುಂಗಿ ಮಂಡಿಗೆ ಹೋದರು. ಮಧ್ಯಾಹ್ನ ಫರ್ಹಾನ್ ಅವರನ್ನು ಮನೆಗೆ ಕರೆದುಕೊಂಡು ಹೊರಟಾಗ, ಗೊರಗುಂಟೆಪಾಳ್ಯದ ಸಿಗ್ನಲಿನಲ್ಲಿ ಕಾರಿನೊಳಗೇ ಕುತ್ತಿಗೆ ವಾಲಿತು. ಫರ್ಹಾನ್ ಪಕ್ಕದಲ್ಲೇ ಕಂಡ ನರ್ಸಿಂಗ್ ಹೋಮಿಗೆ ಹೊತ್ತುಕೊಂಡು ನುಗ್ಗಿದ. ಅಲ್ಲಿನ ಡ್ಯೂಟಿ ಡಾಕ್ಟರು ಜೇಬಿನ ಕಾರ್ಡು ಓದಿ, ಅದರಲ್ಲಿದ್ದ ನಂಬರಿಗೆ ಫೋನು ಮಾಡಿ, ಡ್ರಿಪ್ಪು ಏರಿಸಿದರು. ಸಂಜೆಗೆ ಯಲಹಂಕದ ಆಸ್ಪತ್ರೆಗೆ ಸಾಗಿಸಿದರು. ಮಾರನೆಯ ದಿನ ಅತಾವುಲ್ಲಾ ಎದ್ದು ಕೂತು ಚಹಾ ಚೆನ್ನಾಗಿಲ್ಲ ಎಂದು ಜಗಳ ತೆಗೆದಾಗ ಎಲ್ಲರಿಗೂ ಜೀವ ಬಂತು.

ಸಮಿತಿ ತುರ್ತಾಗಿ ಸೇರಿತು. ಶೇಖರಪ್ಪನವರು ಬಿಳಿ ಪಂಚೆ ಉಟ್ಟು, ಈ ಸಲ ಮೇಜು ಗುದ್ದಿಯೇ ಮಾತಾಡಬೇಕೆಂದು ಬಂದಿದ್ದರು. ಬಾಗಿಲಲ್ಲೇ ಶಾಂತಲಾ ತಡೆದರು.

"ಅತಾವುಲ್ಲಾ ಅವ್ರು ನಿಮ್ಮ ಫ್ರೆಂಡ್ ಅಲ್ವಾ ಸರ್? ಅವರ ವಿಷಯ ಬಂದಾಗ ನೀವು ಹೊರಗಿರ್ಬೇಕು."

"ನನ್ ಫ್ರೆಂಡಿಗೆ ಆಗೈತೆ ಅಂತ್ಲೇ ನಾನು ಬಂದಿರೋದು!"

"ಅದಕ್ಕೇ ಸರ್."

ಅವರು ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಎದುರಿಗೆ ಔಷಧಕ್ಕೆ ಕಾಯುವವರ ಸಾಲು. ತಮ್ಮದೇ ನೆಲದ ಮೇಲೆ ಅವರು ಹೀಗೆ ಕಾದು ಕೂತದ್ದು ಅದೇ ಮೊದಲು. ಅತಾವುಲ್ಲಾ ಸೇರಿದ್ದು ತಮ್ಮ ಮಾತು ಕೇಳಿ. ಆ ಸೂಜಿಯೇ ಅವರನ್ನು ಕೆಡವಿದ್ದರೆ? ಸಬೀರಾ ಮುಂದೆ ಯಾವ ಮುಖ ಇಟ್ಟುಕೊಂಡು ಹೋಗುವುದು? ತಸ್ನೀಮ್ ಹೊರಗೆ ಬಂದಾಗ ಅವರು ಎದ್ದು ನಿಂತರು.

"ಸೂಜಿಯಿಂದ್ಲೇನಮ್ಮಾ?"

"ಅದನ್ನ ನಾನು ನಿಮಗೆ ಹೇಳೋ ಹಾಗಿಲ್ಲ ಅಂಕಲ್. ಅವರನ್ನೇ ಕೇಳಿ. ಪ್ರಯೋಗ ಮುಂದುವರಿಯತ್ತೆ, ಅಷ್ಟು ಹೇಳ್ಬಹುದು."

ಅತಾವುಲ್ಲಾ ಅವರನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದರು; ಶೇಖರಪ್ಪನವರು ನೇರವಾಗಿ ವಿದ್ಯಾರಣ್ಯಪುರದ ಅವರ ಮನೆಗೆ ಹೋದರು. ಅತಾವುಲ್ಲಾ ದಿವಾನದ ಮೇಲೆ ಮುಖ ಗೋಡೆಗೆ ತಿರುಗಿಸಿ ಮಲಗಿದ್ದರು. ಸಬೀರಾ ತುಟಿ ಕಚ್ಚಿ ನಗು ತಡೆಯುತ್ತಿದ್ದರು.

"ಏನಾಯ್ತು ಸಾಬ್ರೇ? ಡಾಕ್ಟ್ರು ಏನಂದ್ರು?"

ಸಬೀರಾ ಹೇಳಿದರು: "ಎಮರ್ಜೆನ್ಸಿ ಅಂತ ಇವರದ್ದು ಯಾವ ಸೂಜಿ ಅಂತ ತೆಗ್ದು ನೋಡಿದ್ರಂತೆ ಅಣ್ಣಾ. ಇವ್ರಿಗೆ ಚುಚ್ಚಿದ್ದು ಬರೀ ಉಪ್ಪುನೀರು. ಬಿದ್ದಿದ್ದು ಭೇದಿ ಆದಾಗ ಹಳೇ ಮಾತ್ರೆ ನುಂಗಿದ್ದಕ್ಕೆ."

ಶೇಖರಪ್ಪನವರಿಗೆ ಮೊದಲು ಎದೆ ಹಗುರಾಯಿತು, ಆಮೇಲೆ ನಗು ಉಕ್ಕಿತು. ಗೋಡೆಯ ಕಡೆಯಿಂದ ಒಂದು ದನಿ ಬಂತು.

"ಆದ್ರೆ ಬಿಪಿ ಇಳಿದಿದ್ದು ನಿಜ! ಚಾರ್ಟಲ್ಲಿದೆ!"

"ಓ, ಇಳಿದಿತ್ತು" ಎಂದರು ಸಬೀರಾ. "ಚುಚ್ಚಿಸ್ಕೊಂಡ ಖುಷಿಗೆ."

ಅತಾವುಲ್ಲಾ ಮೆಲ್ಲಗೆ ಈ ಕಡೆ ಹೊರಳಿದರು. ಕಣ್ಣಲ್ಲಿ ದೈನ್ಯ. "ಶೇಖರಪ್ಪಣ್ಣ, ಇಡೀ ಪಾರ್ಕಿಗೆ ಹೇಳ್ಕೊಂಡು ಬಂದಿದೀನಿ. ಲಿವರಲ್ಲಿ ಕೆಲಸ ನಡೀತಾ ಇದೆ ಅಂತ. ನಿಮ್ ಕೈ ಮುಗೀತೀನಿ, ಯಾರಿಗೂ ಹೇಳ್ಬೇಡಿ."

"ಏಳಾಕಿಲ್ಲ ಬುಡಿ."

"ನಿಮ್ ಕಮಿಟಿ ಮೇಲಾಣೆ?"

"ಕಮಿಟಿ ಮೇಲಾಣೆ."

ಮಾರನೆಯ ಬೆಳಿಗ್ಗೆ ಪಾರ್ಕಿನ ಗೇಟಿನಲ್ಲೇ ಜನ ಮುತ್ತಿದರು. ಸಾಬರು ಬಿದ್ದದ್ದು ಹೌದಾ, ಸೂಜಿ ವಿಷವಾಯಿತಾ, ಒಳಗೆ ಚುಚ್ಚಿದ್ದೇನು, ನಾವೂ ಹೆಸರು ಕೊಟ್ಟಿದ್ದೇವಲ್ಲಾ, ಬಿಡಬೇಕಾ. ಅಂಥ ಸುದ್ದಿ ಅಷ್ಟು ಜನರ ಮುಂದೆ ಬಾಯಲ್ಲಿ ಇಟ್ಟುಕೊಂಡು ಶೇಖರಪ್ಪನವರು ಹಿಂದೆಂದೂ ಸುಮ್ಮನಿದ್ದವರಲ್ಲ. ತುಟಿ ಅದುರಿತು.

"ಸಾಬ್ರು ಚೆನ್ನಾಗವ್ರೆ. ಮಿಕ್ಕಿದ್ದು ನಾನು ಏಳಂಗಿಲ್ಲ. ಎಸ್ರು ಕೊಟ್ಟಿರೋರು ಆ ಪತ್ರ ಇನ್ನೊಂದ್ ಸಲ ಸರ್ಯಾಗಿ ಓದ್ಕಳಿ. ಏನಾರ ಕೇಳ್ಬೇಕು ಅಂದ್ರೆ ತಸ್ನೀಮ್ ಮೇಡಂ ಅಂತ ಅವ್ರೆ, ಅವ್ರುನ್ನ ಕೇಳಿ. ನಂಗೆ ಗೊತ್ತಿಲ್ಲ."

ಎಲ್ಲರೂ ಅವರ ಮುಖವನ್ನೇ ನೋಡುತ್ತ ನಿಂತಿರುವಾಗ ಶೇಖರಪ್ಪನವರು ಪಂಚೆ ಎತ್ತಿ ಕಟ್ಟಿಕೊಂಡು, ಇನ್ನೊಂದು ಕ್ಷಣ ನಿಂತರೆ ಹೇಳಿಬಿಡುತ್ತೇನೆಂಬ ಭಯದಲ್ಲಿ, ಎಂದಿಗಿಂತ ಜೋರಾಗಿ ಹೆಜ್ಜೆ ಹಾಕಿದರು.